ಅರಳಿಗಿಡಕ್ಕೊಂದು ಕಲ್ಲಮರಗಿ

ನಮ್ಮತ್ತೆ ಮ್ಯಾಲೆ ನಾನು ಒಂದೇ ಒಂದು ಸಲ ಬಾಯಿ ಮಾಡೀನಿ, ಅದೂ ಒಂದು ಗಿಡದ ಸಲುವಾಗಿ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ನಾನು ಕುರುಗೋಡಿನಿಂದ ಸೊಸಿಯಾಗಿ ಬಂದು ವರ್ಷಗಳಾಗಿದ್ವು, ಮಕ್ಕಳಾಗಿರಲಿಲ್ಲ. ಅರಳಿಕಟ್ಟಿಗೆ ಹೋಗಿ ಸುತ್ತು ಹಾಕು, ಹೊಟ್ಟಿ ತುಂಬತೈತಿ ಅಂತ ಓಣಿಯೋರು ತಲಿ ತಿಂದಿದ್ರು. ಹೋದ್ರ ಅವರೇ ಕಟ್ಟಿ ಮ್ಯಾಲೆ ಕುಂತು ನನ್ನ ಹೊಟ್ಟಿ ನೋಡಿ ಪಿಸಪಿಸ ಅಂತಿದ್ರು. ನನಗ ಮೈಯೆಲ್ಲ ಉರೀತಿತ್ತು.

ನಮ್ಮ ಬಚ್ಚಲ ಗ್ವಾಡಿ ಸಂದ್ಯಾಗ ಒಂದು ಅರಳಿಸಸಿ ಹುಟ್ಟಿತ್ತು. ಬಿಟ್ರ ಗ್ವಾಡಿ ಬಿರೀತೈತಿ, ಕಿತ್ತು ಒಗೀಯಾಕ ಯಾರಿಗೂ ಧೈರ್ಯ ಇಲ್ಲ, ದೇವರ ಗಿಡ. ಅತ್ತೆ ಅದನ್ನ ಬೇರು ಹರೀದಂಗ ಬಿಡಿಸಿ ತಂದು, "ಇದನ್ನ ನಮ್ಮ ಅಂಗಳದಾಗೇ ಇಟ್ಕಂಡು ಸುತ್ತು ಹಾಕವಾ, ಆ ಕಟ್ಟಿ ಸಾವಾಸ ಬ್ಯಾಡ" ಅಂದ್ಲು. ಸದ್ಯ, ಆ ಹೆಂಗಸರ ಕಣ್ಣು ತಪ್ಪಿತು ಅಂತ ನನಗ ಜೀವ ಬಂದಂಗಾತು.

ದೇವರನ್ನ ಮಣ್ಣಿನ ಗಡಿಗ್ಯಾಗ ಇಡಾದೇನು ಅಂತ ನಾನು ತವರಿನ ತಾಮ್ರದ ಕೊಡದಾಗ ನೆಟ್ಟೆ. ಪೂಜಿ ಕೊಡಕ್ಕ ತೂತು ಹೊಡೀತಾರೇನು? ನೀರು ಇಳೀಯಾಕ ದಾರಿ ಇಲ್ಲ, ನಾನೋ ಭಕ್ತಿಲೆ ದಿನಾ ಹಾಕಿದ್ದೇ ಹಾಕಿದ್ದು. ಎಲಿ ಎಲ್ಲಾ ಉದುರಿತು. ಅತ್ತೆ ಬೈಯಲಿಲ್ಲ, ಬಾಯಿ ಒಡೆದ ಹಳೇ ಗುಡಾಣಕ್ಕ ಮಣ್ಣು ತುಂಬಿ ಅದರಾಗ ಹಚ್ಚಿದ್ಲು. ಅಬ್ಬಬ್ಬಾ, ಆಮ್ಯಾಲೆ ಅದು ಮೊಣಕಾಲ ಮಟ ಎದ್ದದ್ದೇನು! ಗಿಡ ಎತ್ತರ ಆದಷ್ಟು ನನ್ನ ಹರಕಿ ಬೇಗ ಮುಟ್ಟತೈತಿ ಅಂತ ನಾನು ಹಿಗ್ಗಿದೆ.

ಅಷ್ಟರಾಗ ನಮ್ಮ ಮಾವನ ಅಕ್ಕ ಸಿರುಗುಪ್ಪದಿಂದ ಬಂದ್ಲು. ಪಡಸಾಲ್ಯಾಗ ಕುಂತಾಕಿನೇ ಶುರು ಮಾಡಿದ್ಲು: "ಈ ಗೊಡ್ಡೆಮ್ಮಿ ಕಟ್ಕಂಡು ಇನ್ನೆಷ್ಟು ದಿನ ಕುಂದರ್ತೀರಿ? ರೂಪನಗುಡಿಯಾಗ ಹುಡುಗಿ ನೋಡೀನಿ, ಹುಡುಗಗ ಇನ್ನೊಂದು ಲಗ್ನ ಮಾಡ್ರಿ." ಮಾವ ಎಲಿಗೆ ಸುಣ್ಣ ಹಚ್ಚಾಕ ಹತ್ತಿದ್ರು. ನಮ್ಮನೆಯವರು ಕಂಬ ನೋಡ್ಕಂತ ಕುಂತ್ರು. ಸವತಿ ಬಂದ್ರ ನನ್ನ ಜಾಗ ಎಲ್ಲಿ ಅಂತ ನಾನು ಬಾಗಲ ಹಿಂದ ನಿಂತು ಕೇಳ್ತಿದ್ದೆ.

ಅತ್ತೆ ದೇವರ ದೀಪದ ಮುಂದ ನಿಂತು ಅಂದ್ಲು: "ಹರಕಿ ಹೊತ್ತೀವಿ ಅಕ್ಕಾ. ಅಂಗಳದ ಅರಳಿ ಆಳೆತ್ತರ ಆಗೋತನಕ ಸೊಸಿ ಸುತ್ತು ಹಾಕ್ತಾಳ. ಅಷ್ಟರಾಗ ಮಕ್ಕಳಾಗಲಿಲ್ಲಾಂದ್ರ ನೀವು ಹೇಳಿದಂಗ ಮಾಡ್ತೀವಿ." ಹರಕಿ ಅಂದಮ್ಯಾಲೆ ಯಾರು ಏನಂತಾರ? ಆಕಿ ಗುಡಾಣದ ಗಿಡದ ಕಡೆ ಒಮ್ಮೆ ನೋಡಿ, ಒಪ್ಪಿ, ಬಸ್ ಹತ್ತಿದ್ಲು.

ಆಕಿ ಹೋದ ವಾರದಾಗ ನೋಡ್ತೀನಿ, ಅತ್ತೆ ಗಿಡ ಕಿತ್ಕಂಡು ಕುಂತು ಕುಡಗೋಲಿಂದ ಬೇರು ಕೊಯ್ಯಾಕ ಹತ್ಯಾಳ! ಪಕ್ಕದಾಗ ಹುಣಸಿಹಣ್ಣು ನೆನೆಹಾಕೋ ಕಲ್ಲಮರಗಿ. ಅಗಲ ಐತಿ, ಆಳ ಗೇಣೂ ಇಲ್ಲ. ಅದಕ್ಕ ತಳದಾಗ ತೂತು ಬ್ಯಾರೆ ಹೊಡಿಸ್ಯಾಳ.

"ಏನ್ರೀ ಅತ್ತೀ, ದೇವರ ಗಿಡದ ಬೇರು ಕೊಯ್ತೀರಲ್ಲ! ನನ್ನ ಹೊಟ್ಟಿ ಮ್ಯಾಲೆ ಹೊಡೀತೀರಲ್ಲ! ನಿಮಗೂ ನಾ ಬ್ಯಾಡಾದ್ನೇನು?" ಅಂತ ಓಣಿಗೆಲ್ಲ ಕೇಳಂಗ ಒದರಿದೆ.

"ಬಾಯಿ ಮುಚ್ಕಂಡು ಮಣ್ಣು ಹಾಕು ಬಾ" ಅಂದ್ಲು ಅಷ್ಟೆ. ನಾನು ಹಾಕಲಿಲ್ಲ, ಆಕಿನೇ ಗಿಡಾನ ಮರಗಿಗೆ ಹಚ್ಚಿದ್ಲು. ಮುಖ ಊದಿಸ್ಕಂಡು ಸುತ್ತು ಮಾತ್ರ ಹಾಕ್ತಿದ್ದೆ.

ಮರುವರ್ಷ ಸಿರುಗುಪ್ಪದಾಕಿ ಬಂದಾಕಿನೇ ಸೀದಾ ಅಂಗಳಕ್ಕ ಹೋದ್ಲು. ಗಿಡದ ಬುಡ ದಪ್ಪ ಆಗಿತ್ತು, ಎಲಿ ಸಣ್ಣಗ ಚಂದಾಗಿದ್ವು, ಎತ್ತರ ಮಾತ್ರ ಮೊಣಕಾಲು ದಾಟಿರಲಿಲ್ಲ.

"ಇದೇನಬೇ, ಬೆಳದೇ ಇಲ್ಲ?"

ಅತ್ತೆ ಒಲಿ ಊದ್ಕಂತ ಅಂದ್ಲು: "ಏನ್ಮಾಡಾದು ಅಕ್ಕಾ, ನಮ್ಮೂರ ಬಿಸಲು ನಿಮಗ ಗೊತ್ತೈತಲ್ಲ. ಆಳೆತ್ತರ ಆಗ್ಲಿ, ಆಮ್ಯಾಲೆ ಮಾತಾಡಾಣ. ದೇವರ ಮುಂದ ಆಡಿದ ಮಾತು, ತಪ್ಪಾಕ ಬರ್ತೈತೇನು?"

ಮಜ್ಜಿಗಿ ತಂಬಗಿ ತಂದಾಕಿ ನಾನು ಗಿಡದ ಬುಡ ನೋಡಿದೆ. ಬೇರು ಇಳೀಯಾಕ ಜಾಗ ಇಲ್ಲದ ಆ ಮರಗ್ಯಾಗ ಅರಳಿ ಯಾವ ಕಾಲಕ್ಕೂ ಆಳೆತ್ತರ ಆಗಲ್ಲ ಅಂತ ನನ್ನ ದಡ್ಡ ತಲಿಗೆ ಆವಾಗ ಹೊಳೀತು.

ಸಿರುಗುಪ್ಪದಾಕಿ ಊರಿಗೆ ಹೋದಮ್ಯಾಲೆ ಅತ್ತೆ ಮಗ್ಗುಲಿಗೆ ಹೋಗಿ ಕುಂತೆ. ಆಕಿ ಮೊರದಾಗ ಜ್ವಾಳ ಹಸನು ಮಾಡಾಕ ಹತ್ತಿದ್ಲು. "ಅತ್ತೀ, ಮಕ್ಕಳು ಆಗದೇ ಹೋದ್ರ?" ಅಂತ ಕೇಳಿದೆ.

ಆಕಿ ತಲಿ ಎತ್ತಲಿಲ್ಲ. "ಆಗಲಿಲ್ಲಾಂದ್ರ ಆಗಲಿಲ್ಲ, ಬಿಡು. ಈ ಮನಿಗೆ ಸೊಸಿ ಅಂತ ಒಬ್ಬಾಕಿ ಬಂದಾಳ. ನನಗ ಆಕಿನೇ ಸಾಕು."