ಅಡಿಕೆ ವಖಾರಿಯ ಕೂಸುಗಳು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಆಡುತ್ತೇನೆ. ಆ ಸಾಹುಕಾರ ಸತ್ತು ಎಷ್ಟೋ ಕಾಲವಾಯಿತು, ನನ್ನ ಸಿಟ್ಟು ಸತ್ತಿಲ್ಲ. ವಯಸ್ಸಾಯಿತು, ಇನ್ನಾದರೂ ಬಿಟ್ಟುಬಿಡು ಎಂದು ಮನೆಯವರು ಹೇಳುತ್ತಾರೆ. ವಯಸ್ಸಾದದ್ದು ಮೊಣಕಾಲಿಗೆ, ಸಿಟ್ಟಿಗಲ್ಲ.

ಮೂವತ್ತರ ದಶಕದ ಮಾತು ಇದು. ನಾವು ದಾಸನಕೊಪ್ಪದ ಕಡೆಯ ಒಕ್ಕಲು ಮನೆತನದ ಅಕ್ಕ-ತಂಗಿಯರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಶಿರಸಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಅಕ್ಕೋರಾಗಿದ್ದೆ. ಅಕ್ಕನ ಗಂಡ ಇಡಗುಂದಿಯ ಕಾಡಿನಲ್ಲಿ ನಾಟಾ ಸಾಗಿಸುವ ಗಾಡಿ ಹೊಡೆಯುತ್ತಿದ್ದ. ಚಳಿಜ್ವರ ಹಿಡಿದಾಗ ಮನೆಗೆ ಬರುತ್ತಿದ್ದ, ಕಾಲ ಮೇಲೆ ನಿಲ್ಲಲು ಬಂದ ಕೂಡಲೇ ಹೊರಟುಬಿಡುತ್ತಿದ್ದ. ಹಾಗಾಗಿ ಅಕ್ಕ ತನ್ನ ಗಂಡುಕೂಸನ್ನು ಎತ್ತಿಕೊಂಡು ನನ್ನ ಬಾಡಿಗೆ ಕೋಣೆಗೆ ಬಂದಳು. ಪೇಟೆಯಲ್ಲಿ ಆ ಸಾಹುಕಾರನ ಅಡಿಕೆ ವಖಾರಿಯಲ್ಲಿ ಕೂಲಿಗೆ ಸೇರಿದಳು.

ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಅಡಿಕೆ ಆರಿಸಬೇಕು. ಒಳ್ಳೆಯದು ಒಂದು ರಾಶಿ, ಒಡೆದದ್ದು ಒಂದು, ಹುಳ ತಿಂದದ್ದು ಇನ್ನೊಂದು. ಕೂಸು ಅತ್ತರೆ ತಾಯಿ ಏಳುತ್ತಾಳೆ, ತಾಯಿ ಎದ್ದರೆ ಕೆಲಸ ನಿಲ್ಲುತ್ತದೆ. ಅದಕ್ಕೆ ಸಾಹುಕಾರ ಬಾಗಿಲಲ್ಲಿ ಒಬ್ಬ ಮುದುಕಿಯನ್ನು ಕೂರಿಸಿದ್ದ. ಒಳಗೆ ಹೋಗುವ ಪ್ರತಿ ಕೂಸಿನ ನಾಲಿಗೆಯ ಮೇಲೂ ಅವಳು ರಾಗಿಕಾಳಿನಷ್ಟು ಅಫೀಮಿನ ಗುಳಿಗೆ ಇಡುತ್ತಿದ್ದಳು. ಹೆಂಗಸರು ಅದನ್ನು ನಿದ್ದೆ ಗುಳಿಗೆ ಎನ್ನುತ್ತಿದ್ದರು. 'ಸಾವ್ಕಾರ್ರು ಧರ್ಮಕ್ಕೆ ಕೊಡೂದು, ಹೊಟ್ಟೆಗೂ ಒಳ್ಳೇದು' ಎಂದು ಮುದುಕಿ ಹೇಳಿದ್ದನ್ನು ಎಲ್ಲರೂ ನಂಬಿದ್ದರು. ಕೂಸುಗಳು ಹಿಂದಿನ ಗೋಡೆಯ ಬದಿಗೆ ಗೋಣಿಯ ಮೇಲೆ ಸಂಜೆಯವರೆಗೆ ಬಿದ್ದುಕೊಂಡಿರುತ್ತಿದ್ದವು. ಊರಿಗೆ ಬಂದ ವ್ಯಾಪಾರಿಗಳು 'ಏನು ಶಾಂತ ವಖಾರಿ ಮಾರಾಯ್ರೆ' ಎಂದು ಹೊಗಳಿ ಹೋಗುತ್ತಿದ್ದರು.

ಒಂದು ಸಂಜೆ ಎಲ್ಲ ಕೂಸುಗಳೂ ಎದ್ದವು. ಅಕ್ಕನ ಮಗ ಏಳಲಿಲ್ಲ.

ಶಾಲೆಯಿಂದ ನಾನು ಓಡಿ ಹೋಗುವ ಹೊತ್ತಿಗೆ ಅಕ್ಕ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕೆನ್ನೆ ತಟ್ಟುತ್ತಲೇ ಇದ್ದಳು. ಸಾಹುಕಾರ ಗಾದಿ ಬಿಟ್ಟು ಎದ್ದು ಬರಲಿಲ್ಲ. ಅಲ್ಲಿಂದಲೇ, 'ಮಕ್ಕಳು ಅಂದ ಮೇಲೆ ಹುಟ್ತವೆ, ಹೋಗ್ತವೆ. ಎಂತ ಮಾಡೂದು, ದೇವರ ಇಚ್ಛೆ' ಎಂದ. ಮೂರನೆಯ ದಿನ ಆಳು ಕಳಿಸಿದ. ಸಮಾಧಾನ ಹೇಳಲಿಕ್ಕಲ್ಲ. ಅಕ್ಕ ಅರ್ಧ ಆರಿಸಿಟ್ಟ ರಾಶಿ ಹಾಗೇ ಉಳಿದಿದೆಯಂತೆ, ಬಂದು ಮುಗಿಸಬೇಕಂತೆ! ಅವನ ಮನೆ ಹಾಳಾಗ. ಅಕ್ಕ ಹೋದಳು, ಹೊಟ್ಟೆ ಕೇಳಬೇಕಲ್ಲ. ಅಂದೇ ನಾನು ಹಲ್ಲು ಕಚ್ಚಿ ನಿಶ್ಚಯ ಮಾಡಿದೆ: ಕೂಸು ಸತ್ತದ್ದು ಏತರಿಂದ ಎಂಬುದನ್ನು ಈ ಮನುಷ್ಯನ ಬಾಯಿಂದಲೇ ಕಕ್ಕಿಸುತ್ತೇನೆ.

ಮುಂದೆ ಅಕ್ಕನಿಗೆ ಹೆಣ್ಣುಕೂಸು ಹುಟ್ಟಿತು. ಬಾಣಂತನ ಮುಗಿದರೆ ಮತ್ತೆ ಅದೇ ಬಾಗಿಲು, ಅದೇ ಮುದುಕಿ. ಅಕ್ಕ ಕೂಸಿನ ಬಾಯನ್ನು ತನ್ನ ಎದೆಗೆ ಒತ್ತಿಕೊಂಡು, 'ಇದನ್ನಾದ್ರೂ ಉಳಸ್ಕೊಡವಾ ತಂಗಿ' ಎಂದಳು. ಬೇರೆ ಏನನ್ನೂ ಅವಳು ನನ್ನ ಹತ್ತಿರ ಯಾವತ್ತೂ ಕೇಳಿದವಳಲ್ಲ.

ಮುನ್ಸಿಪಾಲ್ಟಿಗೆ ಅರ್ಜಿ ಬರೆದೆ. ಕೂಲಿ ಹೆಂಗಸರ ಕೂಸುಗಳಿಗೆ ಪೇಟೆಯಲ್ಲಿ ಒಂದು ಕೋಣೆ, ನೋಡಿಕೊಳ್ಳಲು ಒಬ್ಬ ಆಯಾ, ಮಧ್ಯಾಹ್ನ ಗಂಜಿ, ಸ್ವಲ್ಪ ದೊಡ್ಡವಕ್ಕೆ ಹಾಡು, ಕತೆ, ಮಣ್ಣಾಟ. ಅಧ್ಯಕ್ಷ ಯಾರು ಅಂದುಕೊಂಡಿರಿ? ಅದೇ ಸಾಹುಕಾರ. ನನ್ನನ್ನು ನಿಲ್ಲಿಸಿಕೊಂಡೇ ಅರ್ಜಿ ಓದಿಸಿದ. ಒಬ್ಬ ಸದಸ್ಯ, 'ಇವತ್ತು ಕೂಸಿಗೆ ಕೋಣೆ ಕೇಳ್ತೀರಿ, ನಾಳೆ ತೊಟ್ಟಿಲು ತೂಗೂಕೆ ಸಿಪಾಯಿ ಕೇಳ್ತೀರಿ' ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಸಾಹುಕಾರ ಎಲೆ ಜಗಿಯುತ್ತ, 'ಅಕ್ಕೋರೇ, ನಮ್ಮ ವಖಾರೀಲಿ ಕೂಸುಗಳು ಸುಖವಾಗಿ ಮಲಗ್ತವೆ. ಆ ಗುಳಿಗೆ ಮಕ್ಕಳಿಗೆ ಒಳ್ಳೇದು. ನಿಮಗೆಂತಕ್ಕೆ ಈ ಉಸಾಬರಿ?' ಎಂದ. ನಾನು ಕೈ ಮುಗಿದು ಹೊರಬಂದೆ. ನಗಲಿ, ಮುಂಡೇವು. ನಗುವವರ ಬಾಯಿ ಮುಚ್ಚಿಸಲು ನನಗೆ ಒಂದು ಹಬ್ಬ ಸಾಕಿತ್ತು.

ನಮ್ಮ ಕಡೆ ದೀಪಾವಳಿಯ ಅಂಗಡಿ ಪೂಜೆಗೆ ಒಂದು ಕಟ್ಟಳೆ ಉಂಟು. ಲಕ್ಷ್ಮಿಯನ್ನು ಕೂರಿಸಿದ ಮೇಲೆ ಆ ಹೊಸ್ತಿಲ ಒಳಗೆ 'ಇಲ್ಲ', 'ಬೇಡ', 'ಹೋಗು' ಎಂಬ ಮಾತು ಆಡಬಾರದು. ಎಣ್ಣೆ ಮುಗಿದರೆ 'ಹೆಚ್ಚಾಯಿತು' ಎನ್ನಬೇಕು. ಯಾರು ಬಂದರೂ ಬಾ ಎನ್ನಬೇಕು. ಯಜಮಾನನ ಬಾಯಲ್ಲಿ ಅಪಶಕುನದ ಮಾತು ಬಂದರೆ ಆ ವರ್ಷ ಅವನ ಜೊತೆ ವ್ಯವಹಾರ ಮಾಡಲು ಉಳಿದ ವ್ಯಾಪಾರಿಗಳು ಹಿಂದೆಮುಂದೆ ನೋಡುತ್ತಿದ್ದರು. ಸಾಹುಕಾರ ಇದರಲ್ಲಿ ಬಹಳ ಕಟ್ಟುನಿಟ್ಟು. ಪೂಜೆಗೆ ಕೂಲಿ ಹೆಂಗಸರನ್ನೂ ಮಕ್ಕಳನ್ನೂ ಕರೆದು ಚುರುಮುರಿ, ಬತ್ತಾಸು ಹಂಚುವುದು ಅವನ ವಾಡಿಕೆ.

ಅಕ್ಕನ ಜೊತೆ ನಾನೂ ಹೋದೆ. ಬಾಗಿಲ ಮುದುಕಿಯ ಮುಂದೆ ಕೈಯೊಡ್ಡಿ, 'ಒಂದು ಗುಳಿಗಿ ಕೊಡಬೇ' ಎಂದೆ. ಮುದುಕಿ ಕಣ್ಣು ಕಣ್ಣು ಬಿಟ್ಟಳು. ಪೂಜೆಯ ದಿನ, ಇಲ್ಲ ಎನ್ನುವಂತಿಲ್ಲ. ಸೊಂಟದ ಚೀಲದಿಂದ ತೆಗೆದು ಕೊಟ್ಟಳು.

ಒಳಗೆ ಪೇಟೆಯ ವ್ಯಾಪಾರಿಗಳೆಲ್ಲ ಕುಳಿತಿದ್ದರು. ಸಾಹುಕಾರನ ಮಾಲು ಸಾಗಿಸುವ ಮೋಟಾರು ಮಾಲೀಕರೊಬ್ಬರು, ಮುಸಲ್ಮಾನರು, ಅವರೂ ಮರ್ಯಾದೆಗೆ ಬಂದು ಕುಳಿತಿದ್ದರು. ಸಾಹುಕಾರನ ಸೊಸೆ ತನ್ನ ಕೂಸನ್ನು ಎತ್ತಿಕೊಂಡು ದೇವರ ಪಕ್ಕದಲ್ಲಿದ್ದಳು. ಧೂಪದ ಹೊಗೆಗೆ ಆ ಕೂಸು ಕಿರುಚಿ ಕಿರುಚಿ ಅಳುತ್ತಿತ್ತು.

ನಾನು ಎದ್ದು ಸಾಹುಕಾರನ ಎದುರಿಗೆ ನಿಂತೆ. ಅಂಗೈ ಬಿಚ್ಚಿ ತೋರಿಸಿದೆ. ಎಲ್ಲರಿಗೂ ಕೇಳುವ ಹಾಗೆ, 'ಸಾವ್ಕಾರ್ರ, ನಿಮ್ಮ ಮೊಮ್ಮಗ ಅಳಾಕತ್ತಾನ. ಇದು ನಿಮ್ಮ ಬಾಗಲದಾಗ ಕೊಡೋ ಗುಳಿಗಿ. ಮಕ್ಕಳಿಗೆ ಒಳ್ಳೇದು ಅಂತ ಸಭಾದಾಗ ನೀವ ಹೇಳಿದ್ರಿ. ಹಾಕ್ಲೇನ್ರಿ?' ಎಂದೆ.

ಬೇಡ ಎನ್ನಲು ತೆರೆದ ಬಾಯಿಯನ್ನು ಅವನು ಲಕ್ಷ್ಮಿಯ ಕಡೆ ನೋಡಿ ಮುಚ್ಚಿಕೊಂಡ. 'ಆಮೇಲೆ... ಆಮೇಲೆ ನೋಡ್ವ' ಎಂದು ನಗಲು ನೋಡಿದ. ಅಯ್ಯೋ, ಆ ಮುಖ ನೋಡಬೇಕಿತ್ತು ನೀವು! ನಾನು ಸೊಸೆಯ ಕಡೆ ಹೆಜ್ಜೆ ಇಟ್ಟೆ. ನಿಜವಾಗಿ ಹಾಕುತ್ತಿದ್ದೆನೇ ಎಂದರೆ ಹಾಕುತ್ತಿರಲಿಲ್ಲ, ಆ ಕೂಸಿನ ತಪ್ಪೇನು? ಆದರೆ ಅದು ಅವನಿಗೆ ಗೊತ್ತಿರಲಿಲ್ಲವಲ್ಲ. ನನ್ನ ಬೆರಳು ಕೂಸಿನ ಬಾಯಿಯ ಹತ್ತಿರ ಹೋದದ್ದೇ ತಡ, ಅವನು ಗಾದಿಯಿಂದ ಹಾರಿ ಬಂದು ನನ್ನ ಕೈಗೆ ಹೊಡೆದ.

'ಬೇಡ! ಬೇಡ! ಹೋಗು ಆಚೆ! ವಿಷ ಅದು!'

ಗಂಟೆ ಬಾರಿಸುತ್ತಿದ್ದ ಭಟ್ಟರ ಕೈ ನಿಂತಿತು. ವ್ಯಾಪಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಮೋಟಾರು ಮಾಲೀಕರು ನಿಧಾನವಾಗಿ ಎದ್ದು, 'ಸಾವ್ಕಾರ್, ಏನಂದ್ರಿ? ವಿಷ ಅಂದ್ರಾ?' ಎಂದರು. ಹೆಂಗಸರ ಸಾಲಿನಿಂದ ಅಕ್ಕ ಎದ್ದಳು. ಜೋರು ಮಾತಾಡಿದವಳಲ್ಲ ಅವಳು. ಅವತ್ತೂ ಮೆಲ್ಲಗೇ ಕೇಳಿದಳು: 'ವಿಷ ಅಂತ ನಿಮಗ ಗೊತ್ತಿತ್ತೇನ್ರಿ?'

ಹಬ್ಬದ ಮರುದಿನದಿಂದ ಒಬ್ಬ ಹೆಂಗಸೂ ವಖಾರಿಗೆ ಕಾಲಿಡಲಿಲ್ಲ. ಮುಂಬಯಿಗೆ ಹೋಗಬೇಕಾದ ಮಾಲು ಆರಿಸದೆ ಬಿದ್ದಿತ್ತು. ಎಂಟು ದಿನ ಕಳೆಯುವುದರೊಳಗೆ ಅವನೇ ಹೇಳಿಕಳಿಸಿದ: ಕೂಸುಗಳಿಗೆ ಹಿತ್ತಲ ಕೊಟ್ಟಿಗೆ ಖಾಲಿ ಮಾಡಿಸಿಕೊಡುತ್ತೇನೆ. ಕೊಟ್ಟಿಗೆ ಒಲ್ಲೆ ಎಂದೆ. ಅವನ ಗಾದಿಯ ಗೋಡೆಗೆ ಅಂಟಿದ ಕೋಣೆಯೇ ಬೇಕು, ಆಯಾಳ ಪಗಾರವನ್ನೂ ಗಂಜಿಯನ್ನೂ ಮುನ್ಸಿಪಾಲ್ಟಿ ಕೊಡಬೇಕು. ಕೊಟ್ಟರು. ಆ ಸಭೆಯಲ್ಲಿ ಯಾರೂ ನಗಲಿಲ್ಲ.

ಅಕ್ಕನ ಮಗಳು ಮೊದಲ ದಿನ ಮಧ್ಯಾಹ್ನದವರೆಗೂ ಅತ್ತಳು. ಏನು ಗಂಟಲು ಅಂತೀರಿ! ಅವಳನ್ನು ನೋಡಿ ಉಳಿದವೂ ಶುರುಮಾಡಿದವು. ಗೋಡೆಯಾಚೆಯಿಂದ ಸಾಹುಕಾರನ ಗುಮಾಸ್ತ ಬಂದು, ಸ್ವಲ್ಪ ಸುಮ್ಮನಿರಿಸಬೇಕಂತೆ ಎಂದ. 'ಎಚ್ಚರಿದ್ದ ಕೂಸು ಅಳತಾವ್ರಿ ಅಂತ ಹೇಳ್ರಿ' ಎಂದು ಕಳಿಸಿದೆ. ಅಂದು ಉಂಡ ಊಟದ ರುಚಿ ಇನ್ನೂ ನೆನಪಿದೆ.

ಅವನೂ ಸುಮ್ಮನಿರಲಿಲ್ಲ. ಯಾರ ಕಿವಿಯೋ ಕಚ್ಚಿ ನನ್ನನ್ನು ಸಿದ್ದಾಪುರಕ್ಕೆ ವರ್ಗ ಮಾಡಿಸಿದ. ಅಲ್ಲಿಯೂ ಅರ್ಜಿ ಬರೆದೆ, ಕೋಣೆ ತೆರೆಸಿದೆ. ಅಲ್ಲಿಂದ ಯಲ್ಲಾಪುರಕ್ಕೆ ಎತ್ತಿ ಹಾಕಿದರು, ಅಲ್ಲಿಯೂ ಅಷ್ಟೇ. ಒಂದೇ ಊರಿನಲ್ಲಿ ಬಿಟ್ಟಿದ್ದರೆ ಒಂದೇ ಕೋಣೆ ಆಗುತ್ತಿತ್ತು, ದಡ್ಡ.

ಅವನು ಹಾಸಿಗೆ ಹಿಡಿದ ಮೇಲೆ ಒಮ್ಮೆ ಹೇಳಿಕಳಿಸಿದ. ಹೋದೆ. ಸೊರಗಿ ಹೋಗಿದ್ದ. 'ಅಕ್ಕೋರೇ, ಆ ಕೋಣೆ ಬಾಗಿಲ ಮೇಲೆ ನಿಮ್ಮ ಅಕ್ಕನ ಮಗನ ಹೆಸರು ಕೆತ್ತಿಸ್ತೆ. ನಂಗೂ ಒಂದು ಪುಣ್ಯ ಬರಲಿ. ಅವನ ಹೆಸರು ಎಂತದು?' ಎಂದು ಕೇಳಿದ.

ಅಕ್ಕ ದಿನವೂ ಮಗನನ್ನು ಹೆಸರು ಹಿಡಿದು ಕರೆದು ಆ ಗೋಣಿಯ ಮೇಲೆ ಮಲಗಿಸಿ ಹೋಗುತ್ತಿದ್ದಳು, ಇವನ ಗಾದಿಗೆ ಕೇಳುವ ಹಾಗೆಯೇ. ನಾನು ಹೇಳಲಿಲ್ಲ. ಅವನು ಮತ್ತೆ ಮತ್ತೆ ಕೇಳಿದ, ನಾನು ಎದ್ದು ಬಂದೆ. ಇಲ್ಲಿಯೂ ಆ ಹೆಸರು ಬರೆಯುವುದಿಲ್ಲ. ಅವನ ಮೊಮ್ಮಕ್ಕಳು ಓದು ಬಲ್ಲವರು, ಅಜ್ಜನ ಪುಣ್ಯಕ್ಕೆಂದು ಕೆತ್ತಿಸಿಯಾರು.