‘ಬಂದೆ’ ಎಂದವನನ್ನು ಬಿಟ್ಟುಹೋದ ರೈಲು

ನನ್ನ ಬುಲೆಟ್ ಟ್ರೇನ್ ನನ್ನ ಕಣ್ಣೆದುರೇ ಹೊರಟುಹೋಯಿತು. ಒಳಗೆ ನನ್ನ ಹೆಂಡತಿ, ನನ್ನ ಮಗಳು, ನಾನು ತಿಂಗಳ ಹಿಂದೆಯೇ ಆರಿಸಿಟ್ಟ ಕಿಟಕಿ ಸೀಟು. ಹೊರಗೆ ಟೋಕಿಯೋದ ಪ್ಲಾಟ್‌ಫಾರ್ಮಿನಲ್ಲಿ ನಾನು ಮತ್ತು ಮೂರು ಊಟದ ಡಬ್ಬಿ. ಅದರಲ್ಲೊಂದು ರೈಲಿನ ಆಕಾರದ್ದು. (ನನ್ನ ಪಾಲಿಗೆ ಉಳಿದ ರೈಲು ಅದೊಂದೇ.)

ನಗಬೇಡಿ. ಇದರಲ್ಲಿ ನನ್ನ ತಪ್ಪು ಎಷ್ಟಿದೆಯೋ ಕನ್ನಡ ವ್ಯಾಕರಣದ್ದೂ ಅಷ್ಟೇ ಇದೆ.

ನನ್ನ ಊರು ಉಡುಪಿ. ಮಲೇಷ್ಯಾದ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಲು ಬಂದು ಹದಿನೈದು ವರ್ಷವಾಯಿತು. ಮಗಳು ಅದಿತಿ ಇಲ್ಲೇ ಹುಟ್ಟಿದವಳು, ಈಗ ಹದಿಮೂರು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಮಲೇಷ್ಯಾದವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಸಮೇತ. ‘ಒಂದೇ ಒಂದು ಮಾತು ಕನ್ನಡದಲ್ಲಿ ಹೇಳು ಮಗಾ’ ಎಂದು ಗೋಗರೆದರೆ, ‘ಕ್ಯಾನಾಟ್ ಲಾ, ಅಪ್ಪ’ ಎನ್ನುತ್ತಾಳೆ.

ಕಳೆದ ವರ್ಷ ಅವಳ ಶಾಲೆಯ ನಾಟಕಕ್ಕೆ ನಾನು ತಲುಪುವಷ್ಟರಲ್ಲಿ ಪರದೆ ಬಿದ್ದಿತ್ತು. ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಅದಕ್ಕೇ ಜಪಾನಿಗೆ ಹೊರಡುವಾಗ ಮಾತು ಕೊಟ್ಟಿದ್ದೆ: ‘ಬುಲೆಟ್ ಟ್ರೇನ್ ಹೊರಡುವಾಗ ನಾನು ನಿನ್ನ ಪಕ್ಕದಲ್ಲೇ ಇರ್ತೇನೆ. ಪ್ರಾಮಿಸ್.’

ಕ್ಯೋಟೋಕ್ಕೆ ಹೋಗುವ ರೈಲು ಹೊರಡಲು ಇನ್ನೂ ಏಳು ನಿಮಿಷವಿತ್ತು. ಇಬ್ಬರನ್ನೂ ಸೀಟಿನಲ್ಲಿ ಕೂರಿಸಿ ಊಟ ತಪಾವ್ ಮಾಡಲು ಇಳಿದೆ. (ತಪಾವ್ ಎಂದರೆ ನಮ್ಮ ಪಾರ್ಸೆಲ್. ಮಲೇಷ್ಯಾಕ್ಕೆ ಬಂದವರು ಎರಡನೇ ದಿನವೇ ಕಲಿಯುವ ಪದ.) ಅಂಗಡಿಯಲ್ಲಿ ರೈಲಿನ ಆಕಾರದ ಡಬ್ಬಿ ಕಂಡಿತು. ಪುಟ್ಟ ಮಕ್ಕಳಿಗಾಗಿ ಮಾಡಿದ್ದು. ಹದಿಮೂರರ ಹುಡುಗಿಗೆ ಇದು ಬೇಕೇ? ಬೇಡ. ಅಪ್ಪನಿಗೆ ಬೇಕು! ಕ್ಯೂನಲ್ಲಿ ನಿಂತೆ.

ಫೋನ್ ಬಂತು. ಅದಿತಿ.

‘ಅಪ್ಪ, ವೇರ್ ಆರ್ ಯೂ?’

‘ಬಂದೆ ಬಂದೆ!’

ಈ ‘ಬಂದೆ’ ಏನೆಂದು ನಿಮಗೆ ನಾನು ಬಿಡಿಸಿ ಹೇಳಬೇಕೇ? ಬಚ್ಚಲಿನಿಂದ ಹೇಳುವುದು. ಚಪ್ಪಲಿ ಹುಡುಕುತ್ತ ಹೇಳುವುದು. ನೋಡಲು ಭೂತಕಾಲ, ಆದರೆ ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ. ಮೆಲಾಕಾದ ನನ್ನ ಗೆಳೆಯರು ತಲೆಗೆ ಶಾಂಪೂ ಹಾಕಿಕೊಳ್ಳುತ್ತಲೇ ‘ಆನ್ ದ ವೇ ಲಾ’ ಎನ್ನುತ್ತಾರೆ. ಅವರ ನಡುವೆ ನನ್ನ ‘ಬಂದೆ’ ಇಷ್ಟು ವರ್ಷ ಆರಾಮವಾಗಿ ಬಾಳಿತ್ತು.

ರೈಲಿನೊಳಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಹೆಂಡತಿ ಸುಮಾ, ‘ಎಂಥ ಅಂತೆ? ಎಲ್ಲಿದ್ದಾರಂತೆ?’ ಎಂದು ಕೇಳಿದ್ದಾಳೆ. ಮಗಳು ಪದಕ್ಕೆ ಪದ ಅನುವಾದ ಮಾಡಿದ್ದಾಳೆ: ‘ಹೀ ಹ್ಯಾಸ್ ಕಮ್.’

ಸರಿ, ಬೇರೆ ಬೋಗಿಗೆ ಹತ್ತಿ ಒಳಗಿಂದಲೇ ನಡೆದು ಬರುತ್ತಿದ್ದಾರೆ ಎಂದುಕೊಂಡು ಸುಮಾ ನಿರಾಳವಾಗಿ ಕೂತಳು. ಕನ್ನಡದಲ್ಲೇ ‘ಬಂದೆ ಅಂದ್ರು’ ಎಂದು ಕೇಳಿಸಿದ್ದರೆ ಒಂದಕ್ಷರವೂ ನಂಬುತ್ತಿರಲಿಲ್ಲ. ಬಾಗಿಲಿಗೇ ಓಡಿಬಂದು ಕೂಗುತ್ತಿದ್ದಳು. ಹದಿನೆಂಟು ವರ್ಷದ ಸಂಸಾರ, ಸುಮ್ಮನೆಯೇ?

ನಾನು ಎರಡು ಬೋಗಿ ದೂರದಲ್ಲಿದ್ದಾಗ ಬಾಗಿಲು ಮುಚ್ಚಿತು. ಡಬ್ಬಿ ಎತ್ತಿ ಬೀಸಿದೆ. ಉಡುಪಿಯ ಸಿಟಿ ಬಸ್ಸಾಗಿದ್ದರೆ ಕಂಡಕ್ಟರ್ ಸೀಟಿ ಊದಿ ನಿಲ್ಲಿಸುತ್ತಿದ್ದ, ಬೈಯುತ್ತಲೇ ಹತ್ತಿಸಿಕೊಳ್ಳುತ್ತಿದ್ದ. ಇದು ನಿಲ್ಲಲಿಲ್ಲ.

ಸುಮಾಳ ಫೋನ್. ‘ಎಲ್ಲಿದ್ದೀರಿ ಮಾರಾಯ್ರೆ? ಬಂದಾಯ್ತು ಅಂತಲ್ವಾ ಹೇಳಿದ್ದು ನೀವು?’

‘ಬಂದೆ ಅಂದ್ರೆ... ಬರ್ತಾ ಇದ್ದೆ ಮಾರಾಯ್ತಿ!’

ಹಿಂದಿನಿಂದ ಮಗಳ ದನಿ, ತಣ್ಣಗೆ: ‘ಹೀ ಪ್ರಾಮಿಸ್ಡ್.’

ಬಿಳಿ ಗ್ಲೌಸಿನ ಸಿಬ್ಬಂದಿಯೊಬ್ಬರು ನನ್ನ ಟಿಕೆಟ್ ನೋಡಿದರು. ದೊಡ್ಡ ವಾದಕ್ಕೆ ನಾನು ಸಿದ್ಧನಾಗಿದ್ದೆ. ಅವರು ಬೋರ್ಡಿನ ಮೇಲೆ ಮುಂದಿನ ರೈಲನ್ನು ತೋರಿಸಿ, ರಿಸರ್ವೇಶನ್ ಇಲ್ಲದ ಬೋಗಿಗೆ ಹತ್ತಿ ಎಂದು ಸನ್ನೆ ಮಾಡಿ, ಬಾಗಿ ನಮಸ್ಕರಿಸಿದರು. ನಾನೂ ಬಾಗಿದೆ. ಡಬ್ಬಿಗಳು ಬೀಳುವುದರಲ್ಲಿದ್ದವು.

ಹೀಗೆ ನನ್ನ ಮೊದಲ ಬುಲೆಟ್ ಟ್ರೇನ್ ಪ್ರಯಾಣ ಇಬ್ಬರು ಅಪರಿಚಿತರ ನಡುವಿನ ಸೀಟಿನಲ್ಲಿ ನಡೆಯಿತು. ಇಷ್ಟು ವೇಗಕ್ಕೆ ಗಡಗಡ ಅನ್ನಬೇಡವೇ? ಬಾಟಲಿಯ ನೀರೂ ಅಲುಗಲಿಲ್ಲ. ಕುಲುಕುತ್ತಿದ್ದದ್ದು ನಾನೊಬ್ಬನೇ.

ಸ್ವಲ್ಪ ಹೊತ್ತಿಗೆ ಅದಿತಿಯಿಂದ ಒಂದು ಫೋಟೋ ಬಂತು. ಕಿಟಕಿಯಲ್ಲಿ ಫ್ಯೂಜಿ ಪರ್ವತ, ಮುಂದೆ ಖಾಲಿ ಸೀಟು. ಕೆಳಗೊಂದು ಸಾಲು: ‘ಯುವರ್ ಸೀಟ್. ಸೇವಿಂಗ್ ಇಟ್ ಲಾ.’ ಅದೇ ಪರ್ವತ ನನ್ನ ರೈಲಿನ ಆಚೆ ಬದಿಯ ಕಿಟಕಿಗೂ ಬಂತು. ಪಕ್ಕದವರು ನನಗೆ ಕಾಣಲೆಂದು ಹಿಂದಕ್ಕೆ ಒರಗಿದರು. ಸುಳ್ಳೇಕೆ, ನನಗೆ ಸರಿಯಾಗಿ ಕಾಣಲಿಲ್ಲ. ಕಣ್ಣು ಮಂಜಾಗಿತ್ತು.

ಕ್ಯೋಟೋದ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ಕಾಯುತ್ತಿದ್ದರು. ರೈಲಿನ ಡಬ್ಬಿ ಕೊಟ್ಟೆ. ಅದಿತಿ ನಗು ತಡೆಯಲು ನೋಡಿದಳು, ಆಗಲಿಲ್ಲ.

‘ಅಪ್ಪ, ಬಂದೆ ಈಸ್ ಪಾಸ್ಟ್ ಟೆನ್ಸ್, ರೈಟ್?’

‘ವ್ಯಾಕರಣದಲ್ಲಿ ಹೌದು. ಮನೆಯಲ್ಲಿ ಅಲ್ಲ.’

‘ಸೋ ಇಟ್ ಮೀನ್ಸ್ ನಾಟ್ ಕಮಿಂಗ್.’

ಅಂದಿನಿಂದ ನಾನು ‘ಬಂದೆ’ ಎನ್ನುವುದನ್ನು ಬಿಟ್ಟಿದ್ದೇನೆ. ‘ಹತ್ತು ನಿಮಿಷ’ ಎಂದರೆ ಹತ್ತೇ ನಿಮಿಷ. ಮೊನ್ನೆ ಅವಳ ಬ್ಯಾಡ್ಮಿಂಟನ್ ಮ್ಯಾಚಿಗೆ ಅವಳಿಗಿಂತ ಮೊದಲೇ ಹೋಗಿ ಕೂತಿದ್ದೆ.

ಕಳೆದ ಭಾನುವಾರ ಸುಮಾ ನೀರುದೋಸೆ ಮಾಡಿದಳು. ‘ಅದಿತಿ, ತಿಂಡಿಗೆ ಬಾ’ ಎಂದು ಕೂಗಿದೆ. ರೂಮಿನೊಳಗಿಂದ ದನಿ ಬಂತು, ಸ್ವಚ್ಛ ಉಡುಪಿಯ ರಾಗದಲ್ಲಿ, ‘ಲಾ’ ಇಲ್ಲದೆ:

‘ಬಂದೆ ಬಂದೆ!’

ನಾನೂ ಸುಮಾಳೂ ಮುಖ ಮುಖ ನೋಡಿಕೊಂಡೆವು. ಐದು ನಿಮಿಷವಾಯಿತು, ಹತ್ತಾಯಿತು, ದೋಸೆ ಆರಿತು.

ಮಗಳು ಬರಲಿಲ್ಲ. ಕನ್ನಡ ಬಂತು!