ಬೋರ್ಡಿನ ಎರಡನೇ ಸಾಲು

ನಾನು ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಆಗಿದ್ದೆ. ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರುಗಳಲ್ಲಿ ಕಾದು ಸಾಕಾಗಿದೆ. ಇನ್ನು ಸಂಕೋಚ ಪಟ್ಟುಕೊಳ್ಳುವುದಿಲ್ಲ, ನಾನೇ ಹೇಳುತ್ತೇನೆ.

ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು, ಭುಜಕ್ಕೆ ಗಟ್ಟಿ ಕವಚ ಕಟ್ಟಿಕೊಂಡು ಆಡುವ ಫುಟ್‌ಬಾಲ್ ಅದು. ಪ್ರತಿ ಸಲ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ; ಯಾರಿಗೆ ಎಸೆಯಬೇಕು ಎಂದು ತೀರ್ಮಾನಿಸುವವಳು ಅವಳೇ. ಸಂಬಳಕ್ಕೆ ಆಡುವವರು ಅಮೆರಿಕದಲ್ಲಿದ್ದಾರೆ. ಆಸ್ಟ್ರೇಲಿಯಾದಲ್ಲಿ ನಾವು ವಾರವೆಲ್ಲ ಕೆಲಸಕ್ಕೆ ಹೋಗಿ ಶನಿವಾರ ಆಡುವ ಹೆಂಗಸರು. ಬೀಳುವ ಏಟೇನೂ ಕಡಿಮೆಯಿರಲಿಲ್ಲ.

ಎಂಜಿನಿಯರ್ ಆಗಿ ಪರ್ತ್‌ಗೆ ಹೋದ ವರ್ಷ, ಟೀಮಿಗೆ ಜನ ಸಾಲದು ಎಂದು ಆಫೀಸಿನ ಹುಡುಗಿಯೊಬ್ಬಳು ನನ್ನನ್ನು ಎಳೆದುಕೊಂಡು ಹೋದಳು. ಚೆಂಡು ಕೊಟ್ಟರು, ಎಸೆದೆ. ಹಿಡಿದವಳು ಅಂಗೈ ಉಜ್ಜಿಕೊಳ್ಳುತ್ತ ಇದನ್ನೆಲ್ಲಿ ಕಲಿತೆ ಎಂದು ಕೇಳಿದಳು. ಮೈಸೂರಿನ ಹೈಸ್ಕೂಲಿನಲ್ಲಿ, ಥ್ರೋಬಾಲ್ ಆಡಿ ಎಂದೆ. ಆ ಆಟದ ಹೆಸರನ್ನೇ ಅವರು ಕೇಳಿರಲಿಲ್ಲ.

ಮನೆಯಲ್ಲಿ ಗಂಡ ತಲೆ ಚಚ್ಚಿಕೊಂಡರು. "ನಿಂಗೇನು ತಲೆ ಕೆಟ್ಟಿದ್ಯಾ? ಕೈಕಾಲು ಮುರ್ಕೊಂಡ್ರೆ ನಿಮ್ಮಮ್ಮಂಗೆ ನಾನೇನು ಹೇಳ್ಲಿ?"

"ಆಟ ಆಡೋಕೆ ಹೋಗಿ ಬಿದ್ಲು ಅನ್ನಿ. ಅಮ್ಮಂಗೆ ಅದು ಹೊಸದೇನಲ್ಲ."

ಥ್ರೋಬಾಲ್ ಆಡಿದ ಹುಡುಗಿಯರಿಗೆಲ್ಲ ಗೊತ್ತು: ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಎಸೆಯಬೇಕು, ನಿಂತ ಜಾಗದಿಂದ ಕಾಲು ಕದಲಿಸಬಾರದು. ಕದಲಿಸಿದರೆ ನಮ್ಮ ಪಿ.ಟಿ. ಮೇಡಂ ಸೀಟಿ ಊದಿ, ಮೀನಖಂಡಕ್ಕೆ ಬೆತ್ತದಿಂದ ಒಂದು ಕೊಡುತ್ತಿದ್ದರು. ಆ ಮೂರು ಸೆಕೆಂಡು ನನಗೆ ಬಹಳ ಒಳ್ಳೆಯದು ಮಾಡಿತು. ಎದುರಾಳಿಗಳು ಮೈಮೇಲೆ ಬೀಳುವ ಹೊತ್ತಿಗೆ ಚೆಂಡು ನನ್ನ ಕೈಯಲ್ಲಿ ಇರುತ್ತಲೇ ಇರಲಿಲ್ಲ. ಆದರೆ ಆ ಸೀಟಿಯೂ ನನ್ನ ಜೊತೆ ಸಮುದ್ರ ದಾಟಿ ಬಂದಿತ್ತು. ಮುಂದೆ ಎಷ್ಟೇ ಜಾಗವಿದ್ದರೂ ಚೆಂಡು ಹಿಡಿದು ಓಡಲು ಕಾಲು ಏಳುತ್ತಿರಲಿಲ್ಲ.

ಪ್ರ್ಯಾಕ್ಟೀಸಿಗೆ ಮುಂಚೆ ಕೋಚ್ ಬಿಳಿ ಬೋರ್ಡಿನ ಮೇಲೆ ಹೆಸರು ಬರೆಯುವುದು ವಾಡಿಕೆ. ಮೊದಲ ಸಾಲಿನವರು ಆಡುತ್ತಾರೆ, ಎರಡನೇ ಸಾಲಿನವರು ಅವರಿಗೆ ಪೆಟ್ಟಾಗಲಿ ಎಂದು ಕಾಯುತ್ತಾರೆ. ಪರ್ತ್‌ನಲ್ಲಿ ನನ್ನದು ಎರಡನೇ ಸಾಲು. ಬ್ರಿಸ್ಬೇನ್ ಹತ್ತಿರದ ಇಪ್ಸ್‌ವಿಚ್‌ನಲ್ಲಿ ಕೆಲಸ ಸಿಕ್ಕಿ ಬ್ರಿಸ್ಬೇನ್ ಟೀಮು ಸೇರಿದೆ. ಅಲ್ಲಿಯ ಕೋಚ್ ಪರ್ತ್‌ನ ವಿಡಿಯೋ ನೋಡಿ, ನನ್ನನ್ನು ಒಂದು ಮಾತೂ ಕೇಳದೆ ಎರಡನೇ ಸಾಲಿಗೆ ಹಾಕಿದ. ಮತ್ತೆ ಕೆಲಸ ಬದಲಾಗಿ ಅಡಿಲೇಡಿಗೆ ಹೋದೆ. ಅಲ್ಲಿಯ ಕೋಚ್ ಕೊಂಚ ಮರ್ಯಾದಸ್ಥ, ಕಾರಣವನ್ನಾದರೂ ಹೇಳಿದ: ಕೈ ಬಂಗಾರದ್ದು, ಕಾಲು ಮರದ್ದು. ಆ ಊರಿನ ಪ್ರಾಸ್ಪೆಕ್ಟ್ ಬಡಾವಣೆಯ ದಿನಸಿ ಅಂಗಡಿಯಲ್ಲಿ ಸಿಕ್ಕ ಕನ್ನಡದ ಆಂಟಿಯೊಬ್ಬರು, "ಏನಮ್ಮ, ಇಲ್ಲೂ ಬೆಂಚ್ ಕಾಯೋದೇನಾ?" ಎಂದು ನಕ್ಕರು. ನಾನೂ ನಕ್ಕೆ. ಕಾರಿಗೆ ಬಂದು ಕುಳಿತ ಮೇಲೆ ಹೊಟ್ಟೆ ಉರಿದು ಅಳು ಬಂತು. ನನಗೆ ಬೇಕಿದ್ದದ್ದು ಟ್ರೋಫಿಯಲ್ಲ, ಹಾರವಲ್ಲ. ಆ ಮೊದಲ ಸಾಲು.

ಆ ವರ್ಷದ ಕೊನೆಯ ಪಂದ್ಯದಲ್ಲಿ ಮೊದಲ ಸಾಲಿನ ಕ್ವಾರ್ಟರ್‌ಬ್ಯಾಕ್ ಕಾಲು ಉಳುಕಿತು. ನಾನು ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋದೆ. ಚಿಕ್ಕ ಚಿಕ್ಕ ಎಸೆತಗಳಲ್ಲೇ ಟೀಮನ್ನು ಎದುರಾಳಿಗಳ ಗೆರೆಯ ಹತ್ತಿರ ತಂದೆ. ಉಳಿದದ್ದು ಒಂದೇ ಅವಕಾಶ. ಚೆಂಡು ಆ ಗೆರೆ ದಾಟಿದರೆ ನಾವು ಗೆದ್ದಂತೆ. ಆಗ ಎದುರಾಳಿಗಳ ಕೋಚ್ ಮೈದಾನದ ಅಂಚಿನಲ್ಲಿ ನಿಂತು, ನನಗೆ ಕೇಳುವಂತೆಯೇ, ಅವಳನ್ನು ಬಿಟ್ಟುಬಿಡಿ, ಅವಳು ಓಡುವವಳಲ್ಲ ಎಂದು ತನ್ನವರಿಗೆ ಕೂಗಿದ.

ಅವನ ಹುಡುಗಿಯರು ನನ್ನನ್ನು ಬಿಟ್ಟು ನಮ್ಮವರನ್ನೆಲ್ಲ ಸುತ್ತುವರಿದರು. ಚೆಂಡು ಕೈಗೆ ಬಂತು. ಒಂದು. ಎಸೆಯಲು ಯಾರೂ ಇಲ್ಲ. ಎರಡು. ನನ್ನ ಮುಂದೆ ಬರೀ ಹುಲ್ಲು. ಮೂರು. ಕಿವಿಯೊಳಗೆ ಮೇಡಂ ಸೀಟಿ ಊದಿಯೇ ಊದಿದರು. ಊದಿಕೊಳ್ಳಲಿ ಎಂದು ಕಾಲು ಕಿತ್ತೆ. ಗೆರೆಯ ಹತ್ತಿರ ಇಬ್ಬರು ಬಂದು ಬಡಿದರು, ಮೂವರೂ ಒಟ್ಟಿಗೆ ಬಿದ್ದೆವು. ಕಣ್ಣು ಬಿಟ್ಟಾಗ ಚೆಂಡು ನನ್ನ ಹೊಟ್ಟೆಯ ಕೆಳಗಿತ್ತು, ಗೆರೆ ನನ್ನ ಮೊಣಕಾಲಿನ ಹಿಂದಿತ್ತು.

ಪಂದ್ಯ ಮುಗಿದ ಮೇಲೆ ಅವರ ಕೋಚ್ ಕೈ ಕುಲುಕಿ, ನೀನು ಓಡುತ್ತೀಯ ಎಂದು ನಮಗೆ ಯಾರೂ ಹೇಳಿರಲಿಲ್ಲ ಎಂದ. ನನಗೂ ಯಾರೂ ಹೇಳಿರಲಿಲ್ಲ ಎಂದೆ.

ಇಷ್ಟಕ್ಕೇ ಕಥೆ ಮುಗಿಯಬೇಕಿತ್ತು. ಮುಂದಿನ ಸೀಸನ್ನಿನ ಮೊದಲ ಪ್ರ್ಯಾಕ್ಟೀಸಿಗೆ ಹೋದರೆ, ಬೋರ್ಡಿನ ಮೊದಲ ಸಾಲಿನಲ್ಲಿ ಹೊಸದಾಗಿ ಸೇರಿದ ಹುಡುಗಿಯ ಹೆಸರಿತ್ತು. ನನ್ನದು ಅದರ ಕೆಳಗೆ. ಅದೊಂದು ಓಟ ಅದೃಷ್ಟ ಎಂದು ಕೋಚ್ ಹೇಳಿದ. ಎರಡೂ ಹೆಸರುಗಳನ್ನು ಅಂಗೈಯಿಂದ ಒರೆಸಿದೆ. ಅವನ ಕೈಯಿಂದ ಮಾರ್ಕರ್ ತೆಗೆದುಕೊಂಡು ನನ್ನ ಹೆಸರನ್ನು ಮೇಲೆ ಬರೆದೆ, ಅವಳದನ್ನು ಕೆಳಗೆ. "ನಾನು ಬರೆದದ್ದು ತಪ್ಪಾದರೆ ಅದನ್ನು ಮೈದಾನದಲ್ಲಿ ತೋರಿಸಿಕೊಡಿ, ಆಮೇಲೆ ಅಳಿಸಿ," ಎಂದೆ. ಮಾರ್ಕರನ್ನು ಅವನ ಕೈಗೇ ವಾಪಸ್ಸು ಕೊಟ್ಟೆ.

ಅವನು ಮಾರ್ಕರಿಗೆ ಮುಚ್ಚಳ ಹಾಕಿ ಜೇಬಿಗಿಟ್ಟ. ಆಟಕ್ಕೆ ಮುಂಚೆ ಎಲ್ಲರನ್ನೂ ಸುತ್ತ ಕರೆದು ನಿಲ್ಲಿಸಿಕೊಳ್ಳುವುದು ಮೊದಲ ಸಾಲಿನ ಕ್ವಾರ್ಟರ್‌ಬ್ಯಾಕ್ ಕೆಲಸ.

"ಸರಿ, ಹಾಗಾದರೆ ಕರೆ ಅವರನ್ನು," ಎಂದ.

ಕರೆದೆ. ಬಂದರು.